ಟೊಪ್ಪಿ ಹೇಳುತ್ತದೆ, ಕೇಳಿ!

ಮಕ್ಕಳೇ, ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದ್ದೀರಾ? ಒಳಗೆ ನಿಂತರೆ ಕಾಣುವುದು ಬರೀ ಗೋಡೆ. ಮೇಲಿನಿಂದ ತೆಗೆದ ಚಿತ್ರ ನೋಡಿದರೆ ಎಂಟು ಮೂಲೆಯ ನಕ್ಷತ್ರ! ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆಯ ಆಕಾರ ಬರೀ ಅಂದಕ್ಕಲ್ಲ. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯನ್ನೂ ಕಾಯಬಹುದು. ಸೈನಿಕರ ವಸ್ತುಗಳೇ ಹಾಗೆ. ಪ್ರತಿ ಗುರುತಿಗೂ ಒಂದು ಅರ್ಥ.

ಜರ್ಮನಿಯ ಹಳೆಯ ಮೊನೆ ಟೊಪ್ಪಿಯನ್ನೇ ನೋಡಿ. ಪ್ರಷ್ಯಾ ರಾಜ್ಯದ ಸೇನೆಗೆ ಇದು ಬಂದದ್ದು 1842ರಲ್ಲಿ. ಗಟ್ಟಿ ತೊಗಲಿನ ಟೊಪ್ಪಿ, ನೆತ್ತಿಯ ಮೇಲೆ ಲೋಹದ ಮೊನೆ. ಮೊನೆಯ ಬದಲು ಗುಂಡು ಇದ್ದರೆ ಧರಿಸಿದವನು ಫಿರಂಗಿ ದಳದವನು. ಮುಂದೆ ಹದ್ದಿನ ಬಿಲ್ಲೆ ಇದ್ದರೆ ಪ್ರಷ್ಯಾದವನು. ಸಿಂಹಗಳಿರುವ ಲಾಂಛನವಾದರೆ ಬವೇರಿಯಾದವನು. ಕಿವಿಯ ಹತ್ತಿರ ದುಂಡನೆಯ ಬಣ್ಣದ ಬಿಲ್ಲೆಗಳೂ ಇರುತ್ತವೆ. 1897ರಿಂದ ಬಲಗಡೆ ಇಡೀ ಜರ್ಮನಿಯ ಕಪ್ಪು-ಬಿಳಿ-ಕೆಂಪು, ಎಡಗಡೆ ಅವನ ರಾಜ್ಯದ ಬಣ್ಣ.

ಅಧಿಕಾರಿಯನ್ನು ಗುರುತಿಸುವುದು ಹೇಗೆ? ಮೊನೆಯ ಬುಡದ ಮೊಳೆಗಳನ್ನು ನೋಡಿ. ಸಾಮಾನ್ಯ ಸೈನಿಕನದು ದುಂಡು ತಲೆಯ ಮೊಳೆ, ಅಧಿಕಾರಿಯದು ಸಾಮಾನ್ಯವಾಗಿ ನಕ್ಷತ್ರದಂಥದ್ದು. ಒಳಗೆ ರೇಷ್ಮೆಯ ಅಸ್ತರಿದ್ದರೆ ಅದೂ ಒಂದು ಸುಳಿವು, ಏಕೆಂದರೆ ಅಧಿಕಾರಿ ತನ್ನ ಟೊಪ್ಪಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಉಕ್ಕಿನ ಟೊಪ್ಪಿ ಬಂದು ಮೊನೆಯ ಕಾಲ ಮುಗಿಯಿತು.

ಅದೇ ಯುದ್ಧದಲ್ಲಿ ಜರ್ಮನಿಯ ಜೊತೆಗಿದ್ದ ತುರ್ಕರಿಂದ ಹೈಫಾ ಪಟ್ಟಣವನ್ನು 1918ರ ಸೆಪ್ಟೆಂಬರ್ 23ರಂದು ಗೆದ್ದ ಕುದುರೆ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರಲ್ಲಿ ಒಬ್ಬ ಮೈಸೂರಿನವನು. ಅವನ ದಳ ಗೊತ್ತು. ಹೆಸರು?

ಇಲ್ಲೇ ಅಜ್ಜ-ಅಜ್ಜಿಯರ ಕೆಲಸವಿದೆ. ಆಲೂರು, ಸಕಲೇಶಪುರದ ಕಡೆಯಿಂದ ಸೇನೆಗೆ ಹೋದವರಿದ್ದಾರೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ಟೊಪ್ಪಿಯೋ ಭುಜದ ಪಟ್ಟಿಯೋ ಇರಬಹುದು. ಮಕ್ಕಳೇ, ಭುಜದ ಮೇಲೆ ಎರಡು ನಕ್ಷತ್ರವಿದ್ದರೆ ಲೆಫ್ಟಿನೆಂಟ್, ಮೂರಿದ್ದರೆ ಕ್ಯಾಪ್ಟನ್, ಬರೀ ಅಶೋಕ ಸಿಂಹವಿದ್ದರೆ ಮೇಜರ್. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸಣ್ಣ ಗುರುತುಗಳು ಸವೆದುಹೋಗುತ್ತವೆ. ಅಜ್ಜನನ್ನು ಕೂರಿಸಿಕೊಂಡು, ಅದು ಯಾರದು, ಯಾವ ದಳ, ಯಾವ ಊರಿನಲ್ಲಿದ್ದರು ಎಂದು ಕೇಳಿ ಚೀಟಿಯಲ್ಲಿ ಬರೆದು ಜೊತೆಗಿಡಿ.

ದರ್ಜೆಯನ್ನು ಟೊಪ್ಪಿ ಹೇಳುತ್ತದೆ. ಹೆಸರನ್ನು ಮನೆಯವರೇ ಹೇಳಬೇಕು.