ಬಾಡುವ ಹೂವೇ ಕಾಣಿಕೆ



ಚಳ್ಳಕೆರೆ ಮತ್ತು ಮೊಳಕಾಲ್ಮೂರು ಮಳೆ ಮುನಿದ ಸೀಮೆಗಳು. ಮಲೆನಾಡಿನಲ್ಲಿ ಸುರಿದು ಬರಿದಾದ ಮೋಡಗಳಷ್ಟೇ ಇಲ್ಲಿಗೆ ಬರುತ್ತವೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದುದು ಒಂದು ಊರು, ರೇಷ್ಮೆ ಸೀರೆಯಿಂದ ಹೆಸರಾದುದು ಇನ್ನೊಂದು. ಎರಡರಲ್ಲಿಯೂ ಒಂದು ಕೊಡ ನೀರಿನ ಬೆಲೆಯನ್ನು ಮಕ್ಕಳೂ ಬಲ್ಲರು. ಇಂತಹ ನೆಲದಲ್ಲಿಯೂ ಕೊಳವೆಬಾವಿಯನ್ನು ನಂಬಿ ಸೇವಂತಿಗೆ, ಕನಕಾಂಬರ, ಚೆಂಡುಹೂಗಳನ್ನು ಬೆಳೆಯುವ ರೈತರಿದ್ದಾರೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ದಿನಗಳಲ್ಲಿ ನಮ್ಮ ಸಭೆಯೊಂದರಲ್ಲಿ ಯುವಕನೊಬ್ಬನು, "ಫಾದರ್, ಕುಡಿಯಲು ನೀರಿಲ್ಲದಾಗ ಬಲಿಪೀಠಕ್ಕೆ ಹೂವೇಕೆ? ಪ್ಲಾಸ್ಟಿಕ್ ಹೂಗಳನ್ನು ತಂದರೆ ಹತ್ತು ವರ್ಷ ಚಿಂತೆಯಿಲ್ಲ" ಎಂದನು. ಅನೇಕರು ತಲೆದೂಗಿದರು. ಶನಿವಾರಗಳಂದು ಒಂದು ಮೊಳ ಕನಕಾಂಬರ ತರುತ್ತಿದ್ದ ವೃದ್ಧೆಯೊಬ್ಬರು ಮಾತ್ರ ಮೆಲ್ಲನೆ, "ಬಾಡದ ಹೂವು ಕಾಣಿಕೆ ಹೇಗಾದೀತು ಸ್ವಾಮಿ?" ಎಂದರು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಸಸ್ಯಕ್ಕೂ ಆತ್ಮವುಂಟು, ಆಹಾರವನ್ನು ಪಡೆದು ಬೆಳೆಯುವುದು ಮತ್ತು ತನ್ನಂತಹ ಇನ್ನೊಂದನ್ನು ಹುಟ್ಟಿಸುವುದು ಅದರ ಶಕ್ತಿ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಬಗೆದಿದ್ದನು. ಸಂತ ಥಾಮಸ್ ಅಕ್ವಿನಾಸರೂ ಈ ವಿಚಾರವನ್ನು ಅಂಗೀಕರಿಸಿದರು. ಪ್ಲಾಸ್ಟಿಕ್ ಹೂವಿಗೆ ಬಣ್ಣವಿದೆ, ಬದುಕಿಲ್ಲ. ಅದನ್ನು ಒಮ್ಮೆ ಇರಿಸಿದ ಬಳಿಕ ನಾವು ಮರೆಯುತ್ತೇವೆ. ಧೂಳು ಮಾತ್ರ ಅದನ್ನು ನೆನೆಯುತ್ತದೆ. ಬಾಡುವ ಹೂವಾದರೋ ಪ್ರತಿವಾರ ನಮ್ಮಿಂದ ಹೊಸದಾಗಿ ಏನನ್ನಾದರೂ ಬೇಡುತ್ತದೆ. ಆದರೆ ಯುವಕನ ಮಾತಿನಲ್ಲಿಯೂ ಸತ್ಯವಿತ್ತು. ನೆರೆಮನೆಯ ಕೊಡ ಬರಿದಾಗಿರುವಾಗ ಹೂವಿನ ಆಡಂಬರವು ಭಕ್ತಿಯಾಗದು.

ಕಡೆಗೆ ನಾವು ನಡುಹಾದಿಯನ್ನು ಹಿಡಿದೆವು: ದೂರದ ನಗರದಿಂದ ಹೂಗುಚ್ಛ ಬೇಡ, ಪ್ಲಾಸ್ಟಿಕ್ಕೂ ಬೇಡ; ಸಮೀಪದಲ್ಲಿ ಬೆಳೆದ ಹೂವು ಸಾಕು, ಉಳಿದಂತೆ ಕುಂಡದ ಗಿಡಗಳಿರಲಿ.

ಧರ್ಮಸಭೆಯ ವಿಧಿಯೂ ಮಿತವನ್ನೇ ಕಲಿಸುತ್ತದೆ. ಹೂಗಳನ್ನು ಬಲಿಪೀಠದ ಮೇಲಲ್ಲ, ಅದರ ಸುತ್ತ ಇರಿಸಬೇಕು. ಆಗಮನ ಕಾಲದಲ್ಲಿ ಅಲಂಕಾರ ಹಿತಮಿತವಾಗಿರಬೇಕು. ತಪಸ್ಸುಕಾಲದಲ್ಲಿ ನಾಲ್ಕನೆಯ ಭಾನುವಾರ ಮತ್ತು ಹಬ್ಬಗಳನ್ನುಳಿದು ಬಲಿಪೀಠಕ್ಕೆ ಹೂವಿನ ಅಲಂಕಾರವಿಲ್ಲ. ಆ ಬರಿದುತನವನ್ನು ಕಂಡ ಕಣ್ಣಿಗೇ ಪಾಸ್ಖ ಹಬ್ಬದ ಹೂವು ಹೂವಾಗಿ ಕಾಣುವುದು.

ಮನೆಯ ಸಮಾರಂಭಗಳಿಗೂ ಈ ವಿವೇಕ ಒಪ್ಪುತ್ತದೆ. ಹಗಲು ಕಿರಿದಾದಾಗ ಅರಳುವ ಸೇವಂತಿಗೆಯು ನವೆಂಬರ್ 2ರ ಮೃತರ ಸ್ಮರಣೆಗೂ ಕ್ರಿಸ್ಮಸ್ಸಿಗೂ ತಕ್ಕುದು. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೆ ಬೇಗ ಬಾಡದು, ಹಗುರವಾದುದರಿಂದ ಮದುವೆಯ ಮುಡಿಗೆ ಹಿತ. ಸುಗಂಧರಾಜದ ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ನೀರನ್ನು ದಿನವೂ ಬದಲಿಸಿದರೆ ಹೆಚ್ಚು ದಿನ ಬಾಳುತ್ತದೆ. ಹೂದಾನಿಯನ್ನು ಮಾಗಿದ ಹಣ್ಣುಗಳ ಬಳಿ ಇರಿಸಬೇಡಿ. ಹಣ್ಣು ಹೊರಸೂಸುವ ಎಥಿಲೀನ್ ಅನಿಲವು ಹೂವನ್ನು ಬೇಗ ಮುದಿಯಾಗಿಸುತ್ತದೆ.

ಇನ್ನು ಕುಂಡದ ಗಿಡಗಳು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೊಠಡಿಯ ಕಿಟಕಿಯಲ್ಲಿದ್ದ ಲೋಳೆಸರಕ್ಕೆ ನಾನು ಪ್ರತಿದಿನ ಬೆಳಿಗ್ಗೆ ತಪ್ಪದೆ ನೀರೆರೆದೆ. ತಿಂಗಳೊಳಗೆ ಅದು ಬುಡದಲ್ಲಿ ಕೊಳೆಯಿತು. ಬರದ ನಾಡಿನಲ್ಲಿ ಗಿಡವೊಂದನ್ನು ನೀರಿನಿಂದಲೇ ಕೊಂದೆನೆಂದು ನಾಚಿದೆ. ನಾನು ಎರೆದದ್ದು ಗಿಡದ ಅಗತ್ಯಕ್ಕಲ್ಲ, ನನ್ನ ಅಭ್ಯಾಸಕ್ಕೆ. ನಮ್ಮ ಮಕ್ಕಳ ವಿಷಯದಲ್ಲಿಯೂ ಕೆಲವೊಮ್ಮೆ ಹೀಗೆಯೇ ಆಗುವುದಿಲ್ಲವೇ?

ಆದುದರಿಂದ ಮೊದಲು ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರೆರೆಯಿರಿ. ಕುಂಡದ ತಳದಲ್ಲಿ ರಂಧ್ರವಿರಲಿ. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟಿದರೆ ಅದನ್ನು ಕೆರೆದು ತೆಗೆದು, ಮಳೆನೀರು ದೊರೆತಾಗ ಧಾರಾಳವಾಗಿ ಹಾಯಿಸಿರಿ. ಅಕ್ಕಿ, ಬೇಳೆ ತೊಳೆದ ನೀರು ಗಿಡಕ್ಕೆ ಸಲ್ಲಲಿ. ಸೋಪಿನ ನೀರು ಬೇಡ. ನಮ್ಮ ಗಿರಣಿಗಳಲ್ಲಿ ದೊರೆಯುವ ಶೇಂಗಾ ಹಿಂಡಿಯನ್ನು ಕೆಲವು ದಿನ ನೆನೆಸಿ, ಚೆನ್ನಾಗಿ ತೆಳುವಾಗಿಸಿ, ತಿಂಗಳಿಗೊಮ್ಮೆ ಸ್ವಲ್ಪವೇ ಹಾಕಿದರೆ ಒಳ್ಳೆಯ ಗೊಬ್ಬರ. ಮನಿಪ್ಲಾಂಟ್ ಮನೆಯೊಳಗಿನ ಮಂದ ಬೆಳಕಿನಲ್ಲಿಯೂ ಬದುಕುತ್ತದೆ. ದೊಡ್ಡಪತ್ರೆಗೆ ಬಿಸಿಲು ಬೇಕು. ಮನಿಪ್ಲಾಂಟಿನ ಎಲೆಯನ್ನು ಎಳೆಯ ಮಕ್ಕಳು ಅಗಿದರೆ ಬಾಯಿ ಉರಿಯುತ್ತದೆ. ಕಣಗಿಲೆಯಂತೂ ಇಡಿಯಾಗಿ ವಿಷ, ಮಕ್ಕಳ ಕೈಗೆಟುಕದಿರಲಿ.

ಬಯಲಿನ ಹೂವಿನ ಚೆಲುವಿಗೆ ಸೊಲೊಮೋನನ ವೈಭವವೂ ಸಾಟಿಯಲ್ಲವೆಂದು ಪ್ರಭು ಯೇಸು ಬೋಧಿಸಿದರು. ನಾಳೆ ಒಣಗಿಹೋಗುವ ಹುಲ್ಲನ್ನೇ ಅವರು ಉದಾಹರಣೆಗೆ ಆರಿಸಿಕೊಂಡರೆಂಬುದು ಗಮನಾರ್ಹ.

ಈಗ ಭಾನುವಾರದ ಬಾಡಿದ ಹೂಗಳನ್ನು ದಾರ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಅಂದು ಪ್ಲಾಸ್ಟಿಕ್ ಕೇಳಿದ ಯುವಕನೇ ಆ ಕೆಲಸವನ್ನು ವಹಿಸಿಕೊಂಡಿದ್ದಾನೆ. ಆ ಗೊಬ್ಬರ ತುಂಬಿದ ಮೊದಲ ಕುಂಡದಲ್ಲಿ ಅವನು ನೆಟ್ಟದ್ದು ಕನಕಾಂಬರ. ಆ ವೃದ್ಧೆಗೆ ಈಗ ದೇವಾಲಯದವರೆಗೆ ನಡೆಯಲಾಗದು. ಶನಿವಾರದ ಹೂವನ್ನು ಅವನೇ ಕೊಯ್ದು ತರುತ್ತಾನೆ.