ಬಾಲಕರ ಬರವಣಿಗೆಯಲ್ಲಿ ಚಿತ್ರ ಮತ್ತು ಚಲನಚಿತ್ರ

ಕನ್ನಡಿಗರು ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಸಂಸ್ಕೃತದ ‘ಲಿಖ್’ ಧಾತುವಿಗೂ ಗೀರುವುದು, ಚಿತ್ರಿಸುವುದು, ಬರೆಯುವುದು ಎಂಬ ಅರ್ಥಗಳುಂಟು. ಎರಡು ಭಾಷೆಗಳೂ ಸಾರುವ ಈ ನಂಟನ್ನು ಶಾಲೆಯ ವೇಳಾಪತ್ರಿಕೆ ಮಾತ್ರ ಮರೆತಿದೆ. ಅಲ್ಲಿ ಚಿತ್ರಕಲೆಗೆ ಒಂದು ತಾಸು, ನಿಬಂಧಕ್ಕೆ ಮತ್ತೊಂದು ತಾಸು, ನಡುವೆ ಗೋಡೆ.

ಇದರ ಫಲವನ್ನು ಉಣ್ಣುವವರು ಹಳ್ಳಿಯ ಬಾಲಕರು. ‘ನಮ್ಮೂರ ಜಾತ್ರೆ’ ಎಂದು ಹಲಗೆಯ ಮೇಲೆ ಬರೆದೊಡನೆ ಮೂರನೆಯ ಇಯತ್ತೆಯ ಮಗು ಕಂಠಪಾಠ ಮಾಡಿದ ವಾಕ್ಯಗಳನ್ನು ಒಪ್ಪಿಸುತ್ತದೆ. ತಂದೆಯ ಹೆಗಲೇರಿ ತಾನೇ ಕಂಡ ತೇರು ಆ ಬರಹದಲ್ಲಿ ಇರುವುದಿಲ್ಲ. ಇಂಥ ಮಗುವನ್ನು ಮಂದಮತಿಯೆಂದು ಹಿಂದಿನ ಸಾಲಿಗೆ ದೂಡುವುದು ಅನ್ಯಾಯ. ಅದಕ್ಕೆ ಕೊರತೆಯಾದುದು ಬುದ್ಧಿಯಲ್ಲ, ಕಂಡುದನ್ನು ಮಾತಾಗಿಸುವ ಅಭ್ಯಾಸ.

ಈ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಧಾರವಾಡ ಸೀಮೆಯಲ್ಲಿಯೇ ಹೇರಳವಾಗಿದೆ. ನವಲಗುಂದದ ಹೆಣ್ಣುಮಕ್ಕಳು ನೆಯ್ಯುವ ಜಮಖಾನೆಯಲ್ಲಿ ನವಿಲುಗಳಿವೆ, ಪಗಡೆಯ ಮನೆಗಳಿವೆ. ಅದೊಂದನ್ನು ವರ್ಗದಲ್ಲಿ ಹಾಸಿ, ‘ಚೆಂದ’ ಎಂಬ ಮಾತನ್ನು ಬಳಸದೆ ಐದು ವಾಕ್ಯ ಹೇಳಿರೆಂದು ಕೇಳಬೇಕು. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ? ನೆಯ್ದ ನವಿಲಿಗೂ ಹೊಲದಲ್ಲಿ ಕಂಡ ನವಿಲಿಗೂ ಏನು ಭೇದ? ಹೀಗೆ ಕೇಳಿದಾಗ ನಾಮಪದಗಳಿಗೆ ತಕ್ಕ ವಿಶೇಷಣಗಳು ತಾವಾಗಿ ಒದಗುತ್ತವೆ.

ಎರಡನೆಯ ಮೆಟ್ಟಿಲು ಕಲಘಟಗಿಯ ಬಣ್ಣದ ತೊಟ್ಟಿಲು. ಅದರ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಪ್ರಸಂಗಗಳನ್ನು ಚಿತ್ರಿಸುವ ಸಂಪ್ರದಾಯವುಂಟು. ಒಂದು ಪ್ರಸಂಗವನ್ನು ತೋರಿಸಿ, ಇದಕ್ಕೆ ಮುಂಚೆ ಏನಾಯಿತು, ಮುಂದೆ ಏನಾದೀತು ಎಂದು ಕೇಳಿದರೆ ‘ಅಷ್ಟರಲ್ಲಿ’, ‘ಆದುದರಿಂದ’, ‘ಆದರೂ’ ಎಂಬ ಪದಗಳು ವಾಕ್ಯಗಳನ್ನು ಪೋಣಿಸತೊಡಗುತ್ತವೆ.

ಮೂರನೆಯದು ಚಲನಚಿತ್ರ. ಆಲಂಕಾರಿಕರು ಕಾವ್ಯವನ್ನು ದೃಶ್ಯ, ಶ್ರವ್ಯವೆಂದು ವಿಭಾಗಿಸಿದರು. ಚಲನಚಿತ್ರವು ಹೊಸ ಕಾಲದ ದೃಶ್ಯಕಾವ್ಯ. ರಾಮಚಂದ್ರ ಪಿ.ಎನ್. ಅವರು ನಿರ್ದೇಶಿಸಿದ ‘ಪುಟಾಣಿ ಪಾರ್ಟಿ’ (೨೦೦೯) ಹಳ್ಳಿಯ ಮಕ್ಕಳ ಸಮಿತಿಯೊಂದರ ಕಥೆ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡ ಕೃತಿ. ಇಂಥ ಚಿತ್ರವನ್ನು ಪೂರ್ತಿ ತೋರಿಸಿ ಸಾರಾಂಶ ಬರೆಸುವುದರಿಂದ ಪ್ರಯೋಜನ ಅಲ್ಪ. ಐದು ನಿಮಿಷದ ಒಂದು ಸನ್ನಿವೇಶ ಸಾಕು. ಮೊದಲು ಧ್ವನಿಯಿಲ್ಲದೆ ತೋರಿಸಬೇಕು. ಮಕ್ಕಳು ಕಂಡುದನ್ನು ಬಾಯಿಂದ ಹೇಳಿ, ಅನಂತರ ಬರೆಯಬೇಕು. ಬಳಿಕ ಧ್ವನಿಯೊಡನೆ ಮತ್ತೊಮ್ಮೆ ತೋರಿಸಿದಾಗ ತಮ್ಮ ಬರಹವನ್ನು ತಾವೇ ತಿದ್ದಿಕೊಳ್ಳುವರು. ‘ಹೋದನು’ ಎಂದು ಬರೆದ ಮಗು ಎರಡನೆಯ ನೋಟದಲ್ಲಿ ‘ನುಸುಳಿದನು’, ‘ತಡವರಿಸಿದನು’ ಎಂಬ ಕ್ರಿಯಾಪದವನ್ನು ಅರಸುವುದು. ಬರಹದ ಜೀವ ಕ್ರಿಯಾಪದದಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗು ಮೊದಲು ‘ಅಂವ ಹೊಂಟಾನ’ ಎಂದೇ ಹೇಳಲಿ; ‘ಅವನು ಹೊರಟಿದ್ದಾನೆ’ ಎಂಬ ಗ್ರಂಥಸ್ಥ ರೂಪ ಎರಡನೆಯ ಹಂತದಲ್ಲಿ ಬರಲಿ. ಮನೆಯ ಮಾತಿಗೆ ಮೊದಲೇ ಕೆಂಪು ಮಸಿ ತಾಗಿದರೆ ನೋಟವೂ ಮಾತೂ ಒಟ್ಟಿಗೆ ಉಡುಗುತ್ತವೆ. ಚಿತ್ರವಾಗಲಿ ಚಲನಚಿತ್ರವಾಗಲಿ ಓದಿಗೆ ಬದಲಿಯಲ್ಲವೆಂಬುದನ್ನೂ ಮರೆಯಬಾರದು.

ಆದಿಕವಿ ಪಂಪನ ತಾಯಿಯ ತವರಾದ ಅಣ್ಣಿಗೇರಿ ಇದೇ ಸೀಮೆಯದು. ಇಲ್ಲಿಯ ಮಕ್ಕಳಿಗೆ ಕನ್ನಡದ ಬರಹ ಪರಕೀಯವಾಗಬೇಕಾಗಿಲ್ಲ. ಬಣ್ಣದ ಪೆಟ್ಟಿಗೆ, ಬಿಳಿಯ ಹಾಳೆ, ಒಂದು ಪರದೆ: ಇಷ್ಟನ್ನು ದಾನಿಗಳು ಒದಗಿಸಬಲ್ಲರು. ‘ಏನು ಕಂಡಿ, ಹೇಳಪ್ಪಾ’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆಯನ್ನು ಗುರುಗಳೇ ನೀಡಬೇಕು.