ನಲವತ್ತು ದಾಟಿದ ರೈತನಿಗೆ ವ್ಯಾಯಾಮ ಬೇಕೆ?

"ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿಯುವವನಿಗೆ ವ್ಯಾಯಾಮ ಏತಕ್ಕೆ ಸ್ವಾಮಿ? ಅದೇನಿದ್ದರೂ ಕುರ್ಚಿಯ ಮೇಲೆ ಕೂರುವ ನಿಮ್ಮಂಥವರಿಗೆ."

ಮುಂಗಾರು ಪೂರ್ವ ತರಬೇತಿ ಶಿಬಿರವೊಂದರಲ್ಲಿ ನಲವತ್ತೆಂಟು ವರ್ಷದ ರೈತರೊಬ್ಬರು ಹೀಗೆ ಕೇಳಿದಾಗ ನೆರೆದವರೆಲ್ಲ ನಕ್ಕರು. ನಾನೂ ನಕ್ಕೆ. ಏಕೆಂದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದಕ್ಕೆ ಎರಡು ವರ್ಷ ಹಿಂದೆ ಕ್ಷೇತ್ರೋತ್ಸವದ ದಿನ ರಾಗಿ ತಾಕಿನಲ್ಲಿ ತೆಂಡೆ ಎಣಿಸಲು ಕುಕ್ಕರುಗಾಲಿನಲ್ಲಿ ಕುಳಿತ ನಾನು ಮತ್ತೆ ಏಳಲಾರದೆ, ಪಕ್ಕದಲ್ಲಿದ್ದ ಹಿರಿಯ ರೈತರ ಕೈ ಹಿಡಿದು ಎದ್ದಿದ್ದೆ. ಆಗ ನನಗೆ ನಲವತ್ತನಾಲ್ಕು ವರ್ಷ. ಅಂದಿನಿಂದ ದಿನಕ್ಕೆ ಅರ್ಧ ಗಂಟೆಯನ್ನು ದೇಹಕ್ಕಾಗಿ ಮೀಸಲಿಟ್ಟೆ.

ಅವರ ಮಾತಿನ ಉಳಿದರ್ಧ ಮಾತ್ರ ಸತ್ಯವಾಗಿರಲಿಲ್ಲ. ಅದೇ ಮಧ್ಯಾಹ್ನ ಆರೋಗ್ಯ ಸಹಾಯಕಿಯರು ಶಿಬಿರಾರ್ಥಿಗಳ ರಕ್ತದೊತ್ತಡ ಅಳೆದಾಗ ಆ ರೈತರಿಗೆ 160/100 ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆದರೂ ಹೆಚ್ಚು ಕಡಿಮೆ ಅಷ್ಟೇ ಬಂತು. "ನನಗೆ ಏನೂ ಆಗಿಲ್ಲವಲ್ಲ!" ಎಂದು ಅವರು ಆಶ್ಚರ್ಯಪಟ್ಟರು. ಜೊತೆಯಲ್ಲಿ ಬಂದಿದ್ದ ಅವರ ಪತ್ನಿ ಮೆಲ್ಲಗೆ ಹೇಳಿದ ಮಾತು ಬೇರೆಯೇ ಇತ್ತು: "ಎರಡನೇ ಬೋರು ಬತ್ತಿದ ಮೇಲೆ ಇವರು ಸರಿಯಾಗಿ ನಿದ್ದೆ ಮಾಡಿಲ್ಲ. ಅರಳಿಕಟ್ಟೆಗೂ ಹೋಗುವುದಿಲ್ಲ. ಮಾತಾಡಿಸಿದರೆ ಸಿಡುಕುತ್ತಾರೆ." ಈ ಲೇಖನ ಬರೆಯಲು ಆ ಮಾತೇ ಕಾರಣ.

ದುಡಿಮೆ ಬೇರೆ, ವ್ಯಾಯಾಮ ಬೇರೆ

ಹೊಲದ ಕೆಲಸದಲ್ಲಿ ಶ್ರಮವಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶ್ರಮ ದೇಹದ ಎಲ್ಲ ಭಾಗಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ನಾಟಿ, ಕಳೆ, ಕೊಯ್ಲು ಈ ಮೂರೂ ಮುಂದಕ್ಕೆ ಬಾಗಿ ಮಾಡುವ ಕೆಲಸಗಳು. ಸೊಂಟ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುತ್ತದೆ. ಕುಡುಗೋಲು ಹಿಡಿಯುವ ಕೈಗೆ ಬೀಳುವ ಕೆಲಸ ಇನ್ನೊಂದು ಕೈಗೆ ಬೀಳುವುದಿಲ್ಲ. ಟ್ರಾಕ್ಟರ್ ನಡೆಸುವವರ ಬೆನ್ನುಮೂಳೆಗೆ ಕುಲುಕಾಟವೇ ಹೆಚ್ಚು, ಕಾಲಿಗೆ ಚಲನೆ ಕಡಿಮೆ.

ಇದಲ್ಲದೆ ಕಾಲವೂ ಬದಲಾಗಿದೆ. ಹಿಂದೆ ಹೊಲಕ್ಕೆ ನಡೆದು ಹೋಗುತ್ತಿದ್ದವರು ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಪಂಪ್‌ಸೆಟ್ಟನ್ನು ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಚಾಲೂ ಮಾಡುತ್ತಾರೆ. ಯಂತ್ರಗಳು ಬಂದದ್ದು ಒಳ್ಳೆಯದೇ. ಆದರೆ ನಡಿಗೆ ಕಡಿಮೆಯಾದರೂ ಊಟ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಮೂವತ್ತರ ನಂತರ ಮನುಷ್ಯನ ಮಾಂಸಖಂಡಗಳು ನಿಧಾನವಾಗಿ ಕುಗ್ಗುತ್ತಾ ಹೋಗುತ್ತವೆ. ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ನಷ್ಟವಾಗುತ್ತದೆಂದು ಅಂದಾಜು. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ಹೆಚ್ಚಿನ ಪಾಲನ್ನು ಹೀರಿಕೊಂಡು ಕೂಡಿಡುವ ಕಣಜ ಈ ಮಾಂಸಖಂಡವೇ. ಕಣಜ ಕಿರಿದಾದರೆ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ.

ಇದು ಪಟ್ಟಣದವರ ರೋಗವೆಂದು ತಿಳಿಯುವ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಜನರಿಗೆ ಅಧಿಕ ರಕ್ತದೊತ್ತಡವೂ ಶೇ. 11.4 ಜನರಿಗೆ ಮಧುಮೇಹವೂ ಇದೆ. ಗ್ರಾಮೀಣ ಪ್ರದೇಶವನ್ನು ಮಾತ್ರ ತೆಗೆದುಕೊಂಡರೂ ಮಧುಮೇಹದ ಪ್ರಮಾಣ ಶೇ. 8.9 ಇದೆ.

ಮೊದಲು ಪರೀಕ್ಷೆ, ನಂತರ ಉಪಚಾರ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿರೆಂದು ನಾವು ಪದೇ ಪದೇ ಹೇಳುತ್ತೇವೆ. ಮೈಗೂ ಅದೇ ನಿಯಮ ಅನ್ವಯಿಸುತ್ತದೆ. ಮೂವತ್ತು ವರ್ಷ ಮೀರಿದವರೆಲ್ಲರಿಗೂ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಪಕೇಂದ್ರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಈ ಕೆಳಗಿನ ಅಳತೆಗಳನ್ನು ನೆನಪಿನಲ್ಲಿಡಿ:

1. ರಕ್ತದೊತ್ತಡ: 120/80 ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು.
2. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ: 100 ಮಿ.ಗ್ರಾಂ.ಗಿಂತ ಕಡಿಮೆ ಇರಬೇಕು. 126 ಅಥವಾ ಹೆಚ್ಚು ಬಂದರೆ ಮಧುಮೇಹದ ಸೂಚನೆ, ಮರುಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.
3. ಹೊಟ್ಟೆಯ ಸುತ್ತಳತೆ: ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮೀರಬಾರದು.

ಎದೆನೋವು, ನಡೆದರೆ ಏದುಸಿರು, ತಲೆಸುತ್ತು ಇರುವವರೂ, ಈಗಾಗಲೇ ಹೃದ್ರೋಗವಿರುವವರೂ ವೈದ್ಯರನ್ನು ಕೇಳದೆ ಹೊಸ ವ್ಯಾಯಾಮ ಆರಂಭಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಶ್ರಮಪಡಬಾರದು. ಕೈ ನಡುಗಿ ಬೆವರಿದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಸಕ್ಕರೆ ಜೇಬಿನಲ್ಲಿರಲಿ.

ವ್ಯಾಯಾಮದ ಕ್ರಮ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಮಾಂಸಖಂಡಗಳನ್ನು ಬಲಪಡಿಸಬೇಕು. ಇದಕ್ಕೆ ಸಲಕರಣೆ ಬೇಕಿಲ್ಲ. ಮನೆಯ ಗೋಡೆ, ಜಗಲಿ, ಒಂದು ಚಾಪೆ ಇದ್ದರೆ ಸಾಕು.

*ನಡಿಗೆ:* ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ನಡೆಯುತ್ತಾ ಮಾತನಾಡಲು ಸಾಧ್ಯವಿರಬೇಕು, ಹಾಡಲು ಸಾಧ್ಯವಾಗಬಾರದು. ಅದೇ ಸರಿಯಾದ ವೇಗ. ಹೊಲಕ್ಕೆ ಹೋಗುವಾಗ ಬಂಡಿಯನ್ನು ಮನೆಯಲ್ಲಿಯೇ ಬಿಟ್ಟರೆ ಬೇರೆ ಸಮಯ ಹುಡುಕಬೇಕಾಗಿಲ್ಲ.

*ಕೂತು ಏಳುವುದು:* ಗರಡಿ ಮನೆಯ ಬಸ್ಕಿ ಇದರ ದೊಡ್ಡಣ್ಣ. ಮೊದಲು ಜಗಲಿಯ ಮೇಲೆ ಕುಳಿತು, ಕೈ ಊರದೆ ನಿಧಾನವಾಗಿ ಹತ್ತು ಸಲ ಏಳಿ, ಕೂರಿ. ದಣಿವಾರಿಸಿಕೊಂಡು ಮತ್ತೆ ಹತ್ತು ಸಲ. ಮಂಡಿನೋವು ಇರುವವರು ಪೂರ್ಣ ಬಸ್ಕಿಗೆ ಹೋಗಬಾರದು.

*ಗೋಡೆಯ ದಂಡ:* ಗೋಡೆಯಿಂದ ಒಂದು ಮಾರು ದೂರವಲ್ಲ, ಒಂದು ತೋಳಿನಷ್ಟು ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ಹತ್ತು ಸಲ.

*ಬೆನ್ನಿಗೆ:* ದಿನವೆಲ್ಲ ಮುಂದಕ್ಕೆ ಬಾಗಿದವರು ಹಿಂದಕ್ಕೂ ಬಾಗಬೇಕು. ಬೋರಲು ಮಲಗಿ ಎದೆಯನ್ನಷ್ಟೇ ಎತ್ತುವ ಭುಜಂಗಾಸನ ಇದಕ್ಕೆ ಅನುಕೂಲ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

*ಸಮತೋಲನ:* ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ, ಬಳಿಕ ಇನ್ನೊಂದು ಕಾಲು. ಬದುವಿನ ಮೇಲೆ ಕಾಲು ಜಾರದಿರಲು ಇದರಿಂದ ಸಹಾಯವಾಗುತ್ತದೆ.

ಮೊದಲ ವಾರ ಇದರ ಅರ್ಧದಷ್ಟು ಮಾಡಿದರೂ ಸಾಕು. ಔಷಧಿ ಸಿಂಪಡಿಸಿದ ದಿನ ವ್ಯಾಯಾಮ ಬೇಡ. ಸಿಂಪರಣೆಯ ನಂತರ ಬರುವ ತಲೆನೋವು, ವಾಂತಿ, ಮಂಜು ದೃಷ್ಟಿಯನ್ನು ದಣಿವೆಂದು ಭಾವಿಸದೆ ಔಷಧಿಯ ಡಬ್ಬದೊಡನೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮುಂಗಾರಿಗೆ ಮೊದಲೇ ಸಿದ್ಧತೆ

ನಮ್ಮ ಒಣ ಬೇಸಾಯದ ಪ್ರದೇಶದಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಮೂರು ನಾಲ್ಕು ತಿಂಗಳು ಸಡಿಲವಾಗಿದ್ದ ಮೈಯನ್ನು ಮೊದಲ ಹದ ಮಳೆ ಬಿದ್ದ ದಿನವೇ ಗೊಬ್ಬರದ ಮೂಟೆಗೆ ಹೂಡುತ್ತೇವೆ. ಸೊಂಟ ಹಿಡಿಯುವುದು ಆಗಲೇ. ಆದ್ದರಿಂದ ಯುಗಾದಿಯ ಹೊತ್ತಿಗೆ ವ್ಯಾಯಾಮ ಆರಂಭಿಸಿದರೆ ಬಿತ್ತನೆಯ ವೇಳೆಗೆ ಮೈ ಹದಕ್ಕೆ ಬರುತ್ತದೆ. ದುಡಿಮೆ ಹೆಚ್ಚಿರುವ ದಿನಗಳಲ್ಲಿ ಬೆನ್ನು ಸಡಿಲಿಸುವ ವ್ಯಾಯಾಮವಷ್ಟೇ ಸಾಕು. ಬಿಡುವಿನ ದಿನಗಳಲ್ಲಿ ನಡಿಗೆಯನ್ನು ಹೆಚ್ಚಿಸಬೇಕು.

ಭಾರ ಎತ್ತುವ ರೀತಿಯನ್ನೂ ತಿದ್ದಿಕೊಳ್ಳಬೇಕು. ಯೂರಿಯಾ ಮೂಟೆ ಈಗ 45 ಕಿಲೋ, ಡಿಎಪಿ 50 ಕಿಲೋ. ಸೊಂಟ ಬಾಗಿಸದೆ ಮಂಡಿ ಬಾಗಿಸಿ, ಮೂಟೆಯನ್ನು ಮೈಗೆ ಒತ್ತಿ ಹಿಡಿದು ಏಳಬೇಕು. ಎತ್ತಿದ ಮೇಲೆ ಸೊಂಟ ತಿರುಚದೆ ಕಾಲು ತಿರುಗಿಸಬೇಕು. ಸಾಧ್ಯವಾದರೆ ಇಬ್ಬರು ಹಿಡಿಯಬೇಕು. ನಲವತ್ತು ದಾಟಿದವರಿಗೆ ಇದರಲ್ಲಿ ನಾಚಿಕೆಯೇನೂ ಇಲ್ಲ.

ರೈತ ಮಹಿಳೆಯರು

"ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ" ಎನ್ನುವವರು ಮನೆಗೆಲಸ ಮಾಡದವರೇ ಇರಬೇಕು. ಸಾಮಾನ್ಯವಾಗಿ 45ರಿಂದ 50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅನಂತರದ ವರ್ಷಗಳಲ್ಲಿ ಮೂಳೆ ಬೇಗನೆ ಸವೆಯುತ್ತದೆ, ನಿದ್ದೆ ಕೆಡುತ್ತದೆ, ಮೈ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ಸಣ್ಣ ಮಾತಿಗೂ ಕಣ್ಣೀರು ಬರಬಹುದು. ಇದು ಸೋಗೂ ಅಲ್ಲ, ಹುಚ್ಚೂ ಅಲ್ಲ. ನಡಿಗೆ ಮತ್ತು ಬಲವರ್ಧಕ ವ್ಯಾಯಾಮಗಳು ಅವರ ಮೂಳೆ, ಮಾಂಸಖಂಡಗಳಿಗೆ ಬಹಳ ಅಗತ್ಯ. ಅದಕ್ಕೆ ಅರ್ಧ ಗಂಟೆ ಬಿಡುವಾಗಬೇಕಾದರೆ ಆ ಹೊತ್ತಿನಲ್ಲಿ ನೀರು ತರುವುದು, ಕೊಟ್ಟಿಗೆ ಗುಡಿಸುವುದು ಮನೆಯ ಗಂಡಸರ ಪಾಲಿಗೆ ಬರಬೇಕು. ಅದೂ ಅವರಿಗೆ ವ್ಯಾಯಾಮವೇ ಆಯಿತು!

ಮನಸ್ಸನ್ನೂ ಗಮನಿಸಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಚಿಂತೆ ಇರುವವನಿಗೆ ಸ್ವಂತ ಮನೆಯ ಚಾಪೆಯ ಮೇಲೂ ನಿದ್ದೆಯಿಲ್ಲ. ನಡುವಯಸ್ಸಿನಲ್ಲಿ ಮಕ್ಕಳ ಓದು, ಮಗಳ ಮದುವೆ, ವಯಸ್ಸಾದ ತಂದೆ ತಾಯಿ, ಬ್ಯಾಂಕಿನ ಕಂತು ಎಲ್ಲ ಒಟ್ಟಿಗೆ ಬರುತ್ತವೆ. ನಮ್ಮ ಗಂಡಸರು ದುಃಖವಾಗಿದೆ ಎನ್ನುವುದಿಲ್ಲ. ಸಿಡುಕುತ್ತಾರೆ, ಮೌನವಾಗುತ್ತಾರೆ, ಇಲ್ಲವೇ ಕುಡಿಯುತ್ತಾರೆ.

ನಮ್ಮ ಸಂಶೋಧನಾ ಕ್ಷೇತ್ರದಲ್ಲಿ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಬರೆದಿಡುತ್ತೇವೆ. ಮಳೆ ಬರಲಿಲ್ಲವೆಂದು ಮಾಪಕವನ್ನು ಬೈಯುವುದಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತೇವೆ. ಹಾಗೆಯೇ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ದಿನಕ್ಕೆ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಎಷ್ಟು ನಿಮಿಷ ನಡಿಗೆ, ಕೋಪ ಬಂದದ್ದು ಯಾವಾಗ, ಮನಸ್ಸು ಹೇಗಿತ್ತು. ಒಂದು ತಿಂಗಳಾದ ಮೇಲೆ ತಿರುವಿ ನೋಡಿ. ನನ್ನ ಪುಸ್ತಕದಲ್ಲಿ ಕಂಡದ್ದು ಇದು: ನಿದ್ದೆ ಐದು ಗಂಟೆಗಿಂತ ಕಡಿಮೆಯಾದ ಮರುದಿನವೇ ನಾನು ಮಕ್ಕಳ ಮೇಲೆ ರೇಗಿದ್ದೆ. ತಪ್ಪು ಮಕ್ಕಳದ್ದೆಂದು ಅದುವರೆಗೆ ನಂಬಿದ್ದೆ.

ಮಲಗುವ ಮುನ್ನ ಐದು ನಿಮಿಷ ನೆಟ್ಟಗೆ ಕುಳಿತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಬಿಡಿ. ಉಸಿರು ಬಿಡುವ ಹೊತ್ತು ದೀರ್ಘವಾದಂತೆ ಎದೆಬಡಿತ ನಿಧಾನವಾಗುತ್ತದೆ.

ಎರಡು ವಾರ ಸತತವಾಗಿ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗಿದ್ದ ಕೆಲಸದಲ್ಲಿ ಆಸಕ್ತಿಯೇ ಹೋದರೆ, ಅದಕ್ಕೆ ಕೇವಲ ವ್ಯಾಯಾಮ ಸಾಲದು. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರಲ್ಲಿ ದೇಶದಲ್ಲಿ 11,290 ಮಂದಿ ರೈತರು ಮತ್ತು ಕೃಷಿ ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಮಾಡಿದೆ. ಸಾಲ, ಬೆಲೆ, ಬರಗಾಲಗಳ ಪರಿಹಾರ ವ್ಯಾಯಾಮದಲ್ಲಿಲ್ಲ. ಆದರೆ ಪರಿಹಾರ ಹುಡುಕಲು ಮನುಷ್ಯ ಉಳಿದಿರಬೇಕು. ಪಕ್ಕದ ಹೊಲದವರು ಹತ್ತು ದಿನ ಕಾಣಿಸದಿದ್ದರೆ ಹೋಗಿ ಮಾತಾಡಿಸಿ. ಬದುಕು ಸಾಕೆನ್ನುವ ಮಾತು ಅವರ ಬಾಯಿಂದ ಬಂದರೆ ಒಂಟಿಯಾಗಿ ಬಿಡಬೇಡಿ. ಕೀಟನಾಶಕವನ್ನು ಬೀಗ ಹಾಕಿಡಿ.

ಕೊನೆಯದಾಗಿ

ಮೇಲೆ ಹೇಳಿದ ರೈತರು ಒಂದು ವರ್ಷದ ನಂತರ ಮತ್ತೆ ಶಿಬಿರಕ್ಕೆ ಬಂದಿದ್ದರು. ಪ್ರತಿದಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಊಟಕ್ಕೆ ಉಪ್ಪಿನಕಾಯಿ ಕಡಿಮೆ ಮಾಡಿದ್ದರು, ಹೊಲಕ್ಕೆ ನಡೆದೇ ಹೋಗುತ್ತಿದ್ದರು. ರಕ್ತದೊತ್ತಡ 134/84ಕ್ಕೆ ಇಳಿದಿತ್ತು. ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದಾಗ, ವೈದ್ಯರು ಹೇಳುವವರೆಗೆ ನಿಲ್ಲಿಸಕೂಡದೆಂದು ಆರೋಗ್ಯ ಸಹಾಯಕಿ ತಿಳಿಸಿದರು. ಬೋರಿನ ಸಾಲ ಇನ್ನೂ ತೀರಿರಲಿಲ್ಲ. ಆದರೆ ನೀರಿಲ್ಲದ ಜಮೀನಿನಲ್ಲಿ ರಾಗಿಯೊಂದಿಗೆ ಅವರೆ ಅಕ್ಕಡಿ ಹಾಕುವ ಬಗ್ಗೆ ಅರ್ಧ ಗಂಟೆ ಚರ್ಚಿಸಿದರು. ಹೋಗುವಾಗ ಅವರ ಪತ್ನಿ ಹೇಳಿದರು: "ಈಗ ಸಂಜೆ ಅರಳಿಕಟ್ಟೆಗೆ ಹೋಗ್ತಾರೆ. ಊಟಕ್ಕೆ ಕರೆದುಕೊಂಡು ಬರೋಕೆ ಆಳು ಕಳಿಸಬೇಕು."

ರೈತ ಬಾಂಧವರೇ, ಹೊಲ ಒಂದು ವರ್ಷ ಬೀಳು ಬಿದ್ದರೆ ಮರುವರ್ಷ ಉಳಬಹುದು. ಉಳುವವನ ಮೈ ಮನಸ್ಸುಗಳನ್ನು ಬೀಳು ಬಿಡಬಾರದು. ನಾಳೆ ಬೆಳಿಗ್ಗೆ ಹೊಲಕ್ಕೆ ನಡೆದೇ ಹೊರಡಿ. ಈ ವಾರದೊಳಗೆ ಹತ್ತಿರದ ಉಪಕೇಂದ್ರದಲ್ಲಿ ಗಂಡ ಹೆಂಡತಿ ಇಬ್ಬರೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ.